ಮೊಣಕಾಲೆತ್ತರದ ಗೋಡೆ

ಟಿವಿಯಲ್ಲಿ ಆಡುವ ಆ ಎರಡನೇ ಆಟ ಕೆಟ್ಟುಹೋಗಿದ್ದು ಅದನ್ನು ಮಾಡಿದವರು ದಡ್ಡರು ಅಂತಲ್ಲ, ಹೆದರಿಕೊಂಡಿದ್ದರು ಅಂತ. ಆಡುವವರು ಎಲ್ಲಿ ದಾರಿ ತಪ್ಪಿಬಿಡುತ್ತಾರೋ, ಎಲ್ಲಿ ಬಿದ್ದುಬಿಡುತ್ತಾರೋ ಅಂತ ಹೆದರಿ ಕಂಡಕಂಡಲ್ಲಿ ಗೋಡೆ ಹಾಕಿದರು. ನಡೆದದ್ದು ಇಷ್ಟೇ. ಸೊಸೆಯ ತಮ್ಮ ಫೋನಿನಲ್ಲಿ ಬೇರೆ ಏನೇನೋ ಕಾರಣ ಹೇಳಿದ. ಕತೆ ಸರಿಯಿಲ್ಲವಂತೆ, ಕಂಪನಿಯವರಿಗೆ ಆಸೆ ಜಾಸ್ತಿಯಾಯಿತಂತೆ, ಮೊದಲನೆಯದನ್ನು ಮಾಡಿದವರೆಲ್ಲ ಕೆಲಸ ಬಿಟ್ಟು ಹೋಗಿದ್ದರಂತೆ. ಇರಬಹುದು. ನಾನು ಎರಡನ್ನೂ ಮಂಚದ ಮೇಲೆ ಕೂತು ನೋಡಿದವಳು. ನನಗೆ ಕಂಡದ್ದು ಗೋಡೆ.

ಮಂಚ ಹಿಡಿದದ್ದು ಹೇಗೆ ಅಂತ ಮೊದಲು ಹೇಳಬೇಕು. ನಮ್ಮದು ಬಿಳಿಗೆರೆ ಹತ್ತಿರ ತೋಟದ ಮನೆ. ನಡುಮನೆಯ ಮೇಲೆ ಅಟ್ಟ, ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ತೆಂಗಿನಕಾಯಿ. ವರ್ಷ ತುಂಬುವ ತನಕ ಅವು ಅಲ್ಲೇ ಬಿದ್ದುಕೊಂಡು ಒಣಗಬೇಕು. ನಾನು ಆಗಾಗ ಏಣಿ ಹತ್ತಿ, ಒಂದೆರಡು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಇನ್ನೂ ನೀರಿದೆಯೋ, ಕೊಬ್ಬರಿ ಚಿಪ್ಪು ಬಿಟ್ಟು ಉರುಳುತ್ತಿದೆಯೋ ನೋಡಿಕೊಂಡು ಇಳಿಯುತ್ತಿದ್ದೆ. ಹಾಗೆ ಇಳಿಯುವಾಗ ಒಂದು ದಿನ ಬಿದ್ದೆ. ಮೇಲಿಂದಲ್ಲ, ಏಣಿಯ ಕೊನೆಯ ಮೆಟ್ಟಿಲಿಂದ. ಮೇಲಿಂದ ಬಿದ್ದಿದ್ದರೆ ಹೇಳಿಕೊಳ್ಳುವುದಕ್ಕಾದರೂ ಒಂದು ಮರ್ಯಾದೆ ಇರುತ್ತಿತ್ತು. ತೊಡೆಯ ಮೂಳೆ ಮುರಿಯಿತು. ತುಮಕೂರಿನ ಆಸ್ಪತ್ರೆಯಲ್ಲಿ ಒಳಗೆ ಸರಳು ಹಾಕಿ ಕಳಿಸಿದರು. ಮನೆಗೆ ತಂದು, ಅದೇ ಅಟ್ಟದ ಕೆಳಗೆ ಮಂಚ ಹಾಕಿ ಮಲಗಿಸಿದರು. ಕಣ್ಣು ಬಿಟ್ಟರೆ ಅಟ್ಟದ ಹಲಗೆ. ಇಲಿ ಓಡಾಡಿದರೆ ಮೇಲೆ ಕಾಯಿ ಮಿಸುಕುವ ಸದ್ದು. ಯಾವ ಮೂಲೆಯ ಕಾಯಿ ಎಂದು ಗೊತ್ತಾಗುತ್ತಿತ್ತು, ಹೋಗಿ ನೋಡುವ ಹಾಗಿರಲಿಲ್ಲ.

ಸೊಸೆ ಆಗ ತಿಪಟೂರಿನ ಒಂದು ಕಾಯಿಪುಡಿ ಫ್ಯಾಕ್ಟರಿಗೆ ಹೋಗುತ್ತಿದ್ದಳು. ಹೆಂಗಸರು ಕಾಯಿಯ ಕಂದು ಸಿಪ್ಪೆ ಹೆರೆಯುವ ಕಡೆ ಅವಳು ಮೇಲ್ವಿಚಾರಣೆ. ಬೆಳಿಗ್ಗೆ ವ್ಯಾನು ಬಂದು ಕರೆದುಕೊಂಡು ಹೋದರೆ ಸಂಜೆಯೇ ಬರುವುದು. ಬರುವಾಗ ಅಲ್ಲಿನ ಹೆಂಗಸರ ಮಾತು, ಜಗಳ, ನಗು ಎಲ್ಲವನ್ನೂ ಹೊತ್ತುಕೊಂಡು ಬರುತ್ತಿದ್ದಳು. ನಾನು ಬಿದ್ದ ದಿನದಿಂದ ಅದು ನಿಂತಿತು. ನಿಲ್ಲಿಸು ಅಂತ ಯಾರೂ ಹೇಳಲಿಲ್ಲ. ಹೋಗುತ್ತೀಯಾ ಅಂತಲೂ ಯಾರೂ ಕೇಳಲಿಲ್ಲ. ಫ್ಯಾಕ್ಟರಿಯವರು ಮಾತ್ರ, ನಿಮ್ಮತ್ತೆ ಎದ್ದು ಓಡಾಡುವ ತನಕ ನಿನ್ನ ಜಾಗ ಇಟ್ಟಿರುತ್ತೇವೆ ಅಂದಿದ್ದರು.

ಅಲ್ಲಿಯವರೆಗೆ ಅವಳು ವ್ಯಾನಿನಲ್ಲಿ, ನಾನು ತೋಟದಲ್ಲಿ. ರಾತ್ರಿ ಊಟಕ್ಕೆ ಕೂತಾಗ ಮುಖ ನೋಡುತ್ತಿದ್ದೆವು, ಅದಕ್ಕೇ ಚೆನ್ನಾಗಿದ್ದೆವು. ಈಗ ಬೆಳಗಿಂದ ಸಂಜೆ ತನಕ ಒಂದೇ ಕೋಣೆ. ಅವಳು ಪಾತ್ರೆ ಇಟ್ಟ ಸದ್ದು ನನಗೆ ಆಗುತ್ತಿರಲಿಲ್ಲ, ನಾನು ಕೆಮ್ಮಿದ್ದು ಅವಳಿಗೆ ಆಗುತ್ತಿರಲಿಲ್ಲ. ಮೊಮ್ಮಗಳು ಸ್ಕೂಲಿಗೆ ಹೋದ ಮೇಲಂತೂ ಇಬ್ಬರೂ ಒಂದೇ ಗೂಟಕ್ಕೆ ಕಟ್ಟಿದ ಎರಡು ಎಮ್ಮೆಗಳ ಹಾಗೆ ಬೆನ್ನು ತಿರುಗಿಸಿಕೊಂಡು ಕೂರುತ್ತಿದ್ದೆವು.

ಶೆಟ್ಟಿಕೆರೆಯಿಂದ ಅವಳ ತಮ್ಮ ಅಕ್ಕನನ್ನು ನೋಡಲು ಬಂದವನು ತನ್ನ ಹಳೇ ಆಟದ ಪೆಟ್ಟಿಗೆ ತಂದು ಟಿವಿಗೆ ಸಿಕ್ಕಿಸಿಕೊಟ್ಟ. ಮದುವೆಗೆ ಮುಂಚೆ ಅಕ್ಕ ತಮ್ಮ ಇಬ್ಬರೂ ಅದರಲ್ಲೇ ಬಿದ್ದು ಹೊರಳಾಡುತ್ತಿದ್ದರಂತೆ. ಆಟದ ಹೆಸರು ನನ್ನ ನಾಲಿಗೆಗೆ ಸಿಗುವುದಿಲ್ಲ. ಕತ್ತಿ ಹಿಡಿದ ಒಬ್ಬ ಇದ್ದ, ಕುದುರೆ ಇತ್ತು, ದೊಡ್ಡ ಸೀಮೆ ಇತ್ತು. ಎಲ್ಲೋ ಒಬ್ಬ ಕೆಟ್ಟ ರಾಜ, ಅವನನ್ನು ಕೊಲ್ಲಬೇಕು. ಯಾವಾಗ ಕೊಲ್ಲಬೇಕು, ಯಾವ ಕಡೆಯಿಂದ ಹೋಗಬೇಕು ಅಂತ ಯಾರೂ ಹೇಳುವುದಿಲ್ಲ. ಬೆಟ್ಟ ಕಂಡರೆ ಹತ್ತಬಹುದು. ಕಾಲು ಜಾರಿದರೆ ಬಿದ್ದು ಸಾಯಬಹುದು. ಸತ್ತರೆ ಹಿಂದೆ ಬಿಟ್ಟುಬಂದ ಬಾವಿಯ ಹತ್ತಿರ ಮತ್ತೆ ಎದ್ದು ಬರುತ್ತಾನೆ. ಸೊಸೆ ಮೊದಮೊದಲು ಸಿಕ್ಕಾಪಟ್ಟೆ ಸಾಯುತ್ತಿದ್ದಳು.

"ಸತ್ತೆ ಅತ್ತೆ," ಅನ್ನುತ್ತಿದ್ದಳು.

"ಸಾಯಿ, ಎದ್ದು ಬಾ," ಅನ್ನುತ್ತಿದ್ದೆ ನಾನು.

ಇದು ನಮ್ಮ ಮನೆಯಲ್ಲಿ ಮಾತೇ ಆಗಿಹೋಯಿತು. ಸಾರು ಉಕ್ಕಿ ಒಲೆ ಆರಿದರೂ ಅವಳು ಒಳಗಿಂದ ಸತ್ತೆ ಅನ್ನುವಳು.

ಆ ಸೀಮೆಯಲ್ಲಿ ಒಂದು ಬೆಟ್ಟದ ಬುಡಕ್ಕೆ ಒಂದು ಹಿಂಡು ಕುರಿ ಇದ್ದವು. ನಾನು ಹುಟ್ಟಿದ್ದು ಹುಳಿಯಾರಿನ ಕಡೆ ಕುರಿ ಮೇಯಿಸುವವರ ಹಟ್ಟಿಯಲ್ಲಿ. ಮದುವೆಯಾಗಿ ತೋಟಕ್ಕೆ ಬಂದ ಮೇಲೆ ಕುರಿ ಕಾದಿಲ್ಲ. ಆದರೂ ಕುರಿ ಕಂಡರೆ ಕಣ್ಣು ಮೊದಲು ಅದರ ಕುರುಬನನ್ನು ಹುಡುಕುತ್ತದೆ. ಅಲ್ಲಿ ಯಾರೂ ಇರಲಿಲ್ಲ. ಯಾರವು ಅಂತ ಕೇಳಿದೆ.

"ಯಾರವೂ ಅಲ್ಲ ಕಣತ್ತೆ. ನೋಡಕ್ಕೆ ಅಂತ ಸುಮ್ನೆ ಬಿಟ್ಟವ್ರೆ."

"ಕುರಿ ಯಾರವೂ ಅಲ್ದೆ ಇರಲ್ಲ. ಕತ್ಲಾಯ್ತಾ ಬಂತು ನೋಡು, ಎಲ್ಲಿಗ್ ಹೋಗ್ತವೆ ಅವು?"

ಆಟದಲ್ಲೂ ಕತ್ತಲಾಗುತ್ತಿತ್ತು. ಕತ್ತಲಾದರೆ ತೋಳ ಬರುತ್ತಿತ್ತು. ಒಂದು ಮರಿಯನ್ನು ನಮ್ಮ ಕಣ್ಣೆದುರೇ ಹಿಡಿಯಿತು. ಬೆಳಗಾದರೆ ಕುರಿಗಳೆಲ್ಲ ಮತ್ತೆ ಹುಟ್ಟಿಕೊಳ್ಳುತ್ತವೆ, ಲೆಕ್ಕಕ್ಕಿಲ್ಲ ಬಿಡಿ ಅಂತ ಸೊಸೆ ಸಮಾಧಾನ ಹೇಳಿದಳು. ನಾನು ಒಪ್ಪಲಿಲ್ಲ. ಪಕ್ಕದಲ್ಲಿ ಸೂರಿಲ್ಲದ ಹಾಳು ಕೋಟೆ ಒಂದಿತ್ತು, ಒಂದೇ ಬಾಗಿಲು. ಅದರೊಳಕ್ಕೆ ಹೊಡಿ ಅಂದೆ. ಕುದುರೆ ತೀರಾ ಹತ್ತಿರ ಹೋದರೆ ಕುರಿ ಚೆದುರುತ್ತಿದ್ದವು. ಹಿಂದೆ ನಿಲ್ಲು, ದೂರ ನಿಲ್ಲು, ಮುಂದಿನದು ಹೋದರೆ ಉಳಿದವು ತಾವೇ ಹೋಗುತ್ತವೆ ಅಂತ ನಾನು ಮಂಚದಿಂದ ಹೇಳುವುದು, ಅವಳು ಹಾಗೆ ಮಾಡುವುದು. ನಾನು ಹೇಳಿದ್ದೆಲ್ಲ ಸರಿಯಾಗುತ್ತಿತ್ತು ಅಂತಲ್ಲ. ಒಂದು ಸಲ ಹಳ್ಳದ ಕಡೆಯಿಂದ ಸುತ್ತಿಸು ಅಂದೆ, ಕತ್ತಿಯವನೂ ಕುದುರೆಯೂ ಮುಂದಿನ ಕುರಿಗಳೂ ಹಳ್ಳಕ್ಕೆ ಬಿದ್ದವು. ಸೊಸೆ ನಕ್ಕೂ ನಕ್ಕೂ ನೆಲಕ್ಕೆ ಕೂತಳು.

ಹೀಗೆ ತಿಂಗಳುಗಟ್ಟಲೆ ಮಧ್ಯಾಹ್ನದ ಹೊತ್ತು ನಾವು ಕುರಿ ಕಾದೆವು. ರಾಜ ಅವನ ಪಾಡಿಗೆ ಅವನಿದ್ದ. ಸೊಸೆಯ ತಮ್ಮ ಫೋನು ಮಾಡಿ ಎಲ್ಲಿಗೆ ಬಂತು ಅಂತ ಕೇಳಿದರೆ, ಕುರಿ ಕೋಟೆಗೆ ಸೇರಿದವು ಅನ್ನುತ್ತಿದ್ದಳು. ಆಟ ಹಾಳು ಮಾಡ್ತಿದ್ದೀರಿ ಅಂತ ಅವನು ಬೈಯುತ್ತಿದ್ದ. ಬೆಟ್ಟದ ಮೇಲೆ ನಿಂತು ಎಷ್ಟು ದೂರ ಕಾಣುತ್ತದೋ ಅಷ್ಟು ದೂರವೂ ಹೋಗಬಹುದಾಗಿತ್ತು. ಎದ್ದು ಬಚ್ಚಲಿಗೆ ಹೋಗಲಾರದ ನನಗೆ ಅದು ಏನಾಗಿತ್ತು ಅಂತ ಅವನಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಮೂಳೆ ಕೂಡಿಕೊಂಡಿತು. ಡಾಕ್ಟರು ಎಕ್ಸ್‌ರೇ ಪಟ ನೋಡಿ, ನಡೆಯಿರಿ ಅಮ್ಮ, ನಡೆದಷ್ಟೂ ಒಳ್ಳೆಯದು ಅಂದರು. ಕೋಲು ಹಿಡಿದು ನಡೆದೆ. ಒಂದು ದಿನ ಅಂಗಳದ ತನಕ ಹೋಗಿ ತಲೆ ಗಿರ್ ಅಂದು ಕಂಬ ಹಿಡಿದುಕೊಂಡೆ. ಬೀಳಲಿಲ್ಲ. ಆದರೆ ಮಗ ನೋಡಿಬಿಟ್ಟ. ಅವತ್ತೇ ಜಗಲಿಯಲ್ಲಿದ್ದ ಬೆಂಚನ್ನು ಎತ್ತಿ ತಂದು ನಡುಮನೆ ಬಾಗಿಲಿಗೆ ಅಡ್ಡ ಇಟ್ಟ. ಹೊರಗೆ ಹೋಗುವುದಾದರೆ ಯಾರನ್ನಾದರೂ ಕರೀಬೇಕಂತೆ.

"ಇನ್ನೊಂದ್ಸಲ ಬಿದ್ರೆ ನೀನ್ ಮೇಲೇಳಲ್ಲ ಕಣವ್ವ," ಅಂದ.

"ಹಿಂಗೇ ಕೂರ್ಸಿದ್ರೆ ಬೀಳ್ದಿದ್ರೂ ಏಳಲ್ಲ," ಅಂದೆ.

ಕೆಟ್ಟವನಲ್ಲ. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ನನ್ನನ್ನು ಮಗುವಿನ ಹಾಗೆ ಎತ್ತಿಕೊಂಡು ಬಚ್ಚಲಿಗೆ ಕರೆದುಕೊಂಡು ಹೋದವನು ಅವನೇ. ನಾನು ಬಿದ್ದಾಗ ಕೂಗಿದ್ದನ್ನು ಅವನು ತೋಟದಲ್ಲಿ ಕೇಳಿದ್ದ. ಆ ಕೂಗು ಅವನ ಕಿವಿಯಿಂದ ಹೋಗಿರಲಿಲ್ಲ. ಬೆಂಚು ನನ್ನ ಮೊಣಕಾಲಿನ ಎತ್ತರ. ಮೊಮ್ಮಗಳು ಅದನ್ನು ದಿನಕ್ಕೆ ನೂರು ಸಲ ಹಾರಿ ದಾಟುತ್ತಿದ್ದಳು. ನಾನು ಈಚೆ ಕೂತು ಅಂಗಳದ ಬಿಸಿಲು ನೋಡುತ್ತಿದ್ದೆ. ನನಗೆ ಕಾವಲು ಅಂತ ಸೊಸೆಯೂ ಈಚೆಯೇ ಇರುತ್ತಿದ್ದಳು.

ಎರಡನೇ ಆಟ ಬಂದದ್ದು ಆಗ. ಜನ ವರ್ಷಗಟ್ಟಲೆ ಕಾದಿದ್ದರಂತೆ. ನಾವೂ ಕಾದೆವು, ನಮ್ಮ ಮಟ್ಟಿಗೆ. ಈ ಸಲ ಸೀಮೆ ಇನ್ನೂ ದೊಡ್ಡದಂತೆ, ನಿಮ್ಮ ಕುರಿ ಇನ್ನೂ ಜಾಸ್ತಿ ಅಂತ ಸೊಸೆಯ ತಮ್ಮ ಆಸೆ ಹುಟ್ಟಿಸಿದ್ದ. ಹೊಸ ಪೆಟ್ಟಿಗೆಯನ್ನು ಅವನೇ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದ. ಸೊಸೆ ಅವತ್ತು ಬೇಗ ಅಡಿಗೆ ಮುಗಿಸಿ, ಮುಖ ತೊಳೆದುಕೊಂಡು ಬಂದು ಕೂತಳು.

ನೋಡುವುದಕ್ಕೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕುದುರೆಯ ಒಂದೊಂದು ಕೂದಲೂ ಕಾಣುತ್ತಿತ್ತು. ಆದರೆ ನೆಲದ ಮೇಲೆ ಒಂದು ಹೊಳೆಯುವ ಗೆರೆ, ಅದರ ಮೇಲೇ ಹೋಗಬೇಕು. ಜೊತೆಗೆ ಒಬ್ಬ ಮುದುಕ. ಹೆಜ್ಜೆ ಹೆಜ್ಜೆಗೂ ಹೀಗೆ ಬಾ, ಹಾಗೆ ನಿಲ್ಲು, ಅಲ್ಲಿ ಏನೂ ಇಲ್ಲ. ಒಬ್ಬನೇ ಇದ್ದಾಗ ಕತ್ತಿಯವನು ತಾನೇ ಗೊಣಗಿಕೊಳ್ಳುತ್ತಿದ್ದ. ಬೆಟ್ಟವಿತ್ತು, ಹತ್ತುವ ಹಾಗಿರಲಿಲ್ಲ. ಕುರಿ ಕಂಡವು, ರಸ್ತೆಯ ಆಚೆ. ನಡುವೆ ಕಲ್ಲಿನ ಒಂದು ಗಿಡ್ಡ ಗೋಡೆ, ಅವನ ಮೊಣಕಾಲಿಗೆ ಬರುವಷ್ಟು. ಆನೆ ಗಾತ್ರದ ರಾಕ್ಷಸರನ್ನು ಕಡಿದು ಹಾಕುವವನು ಅದನ್ನು ದಾಟಲಾರ. ಎಗರಿದರೆ ಎಗರಿದ ಜಾಗಕ್ಕೇ ಬಂದು ನಿಲ್ಲುತ್ತಾನೆ. ಕುರಿಗಳೂ ತಿರುಗಿ ನೋಡಲಿಲ್ಲ. ಮೇಯುತ್ತಿದ್ದ ಹಾಗೆ ತಲೆ ಆಡಿಸುತ್ತಿದ್ದವು, ಒಂದೇ ಕಡೆ, ಒಂದೇ ತರ.

ಸ್ವಲ್ಪ ಮುಂದೆ ಹೋದರೆ ಗೋಡೆ ಮುಗಿಯಬಹುದು ಅಂತ ನಾನು ಅಂದೆ. ಮುಗಿಯಲಿಲ್ಲ. ನಾಳೆ ಬೇರೆ ಊರು ಬರುತ್ತದೆ ಅಂತ ಅವಳು ಅಂದಳು. ಬಂತು, ಅಲ್ಲೂ ಗೋಡೆ. ಕೊರಕಲಿನ ಅಂಚಿಗೆ ಹೋದರೆ ಹಿಂದಿನಿಂದ ಯಾರೋ ಸೆರಗು ಹಿಡಿದ ಹಾಗೆ ಕಾಲು ನಿಲ್ಲುತ್ತಿತ್ತು. ಮುಂಚೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಈಗ ಸೊಸೆ ನಡುನಡುವೆ ಎದ್ದು ಹೋಗಿ ಅಕ್ಕಿ ಆರಿಸಿಕೊಂಡು ಬರುತ್ತಿದ್ದಳು.

ಆ ವಾರವೇ ಫ್ಯಾಕ್ಟರಿಯಿಂದ ಫೋನು ಬಂತು. ಭಾನುವಾರ ಮಧ್ಯಾಹ್ನ. ಇನ್ನೊಬ್ಬಳು ಬಂದು ಕೇಳುತ್ತಿದ್ದಾಳೆ, ನಾಳೆ ನೀನು ವ್ಯಾನು ಹತ್ತಿದರೆ ಸರಿ, ಇಲ್ಲದಿದ್ದರೆ ಅವಳನ್ನು ತೆಗೆದುಕೊಳ್ಳುತ್ತೇವೆ ಅಂತ. ಸೊಸೆ ಬಾಗಿಲಲ್ಲಿ ನಿಂತು ಹೂಂ ಹೂಂ ಅಂದಳು. ಮಗನಿಗೆ ಹೇಳಿದಳು. ಅವನು ನನ್ನ ಕಡೆ ನೋಡಿದ, ಬೆಂಚಿನ ಕಡೆ ನೋಡಿದ.

"ಇನ್ನೊಂದಾರ್ ತಿಂಗ್ಳು ಹೋಗ್ಲಿ ಬುಡು," ಅಂದ. "ಅವ್ವ ಬಿದ್ರೆ ಯಾರ್ ನೋಡ್ತಾರೆ."

ಅವಳು ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ನಾನು ಬಾಯಿ ತೆಗೆದು, ನಾನು ಬೀಳಲ್ಲ, ಅವಳು ಹೋಗಲಿ ಅಂದೆ. ನೀನು ಸುಮ್ಮನಿರವ್ವ ಅಂದು ಅವನು ತೋಟಕ್ಕೆ ಹೋದ. ಬೆಂಚು ದಾಟಿಯೇ ಹೋದ, ಗಮನಿಸದೆ.

ಸೊಸೆ ಟಿವಿ ಹಾಕಿದಳು. ಮುದುಕ ಕರೆಯುತ್ತಿದ್ದ, ಗೆರೆ ಹೊಳೆಯುತ್ತಿತ್ತು. ಅವಳು ಎರಡನ್ನೂ ಬಿಟ್ಟು ಕತ್ತಿಯವನನ್ನು ಕುರಿ ಇದ್ದ ಕಡೆಯ ಗೋಡೆಗೆ ತಂದು ನಿಲ್ಲಿಸಿದಳು. ಎಗರಿಸಿದಳು. ಮತ್ತೆ ಎಗರಿಸಿದಳು. ಹೆಬ್ಬೆರಳು ಮಾತ್ರ ಆಡುತ್ತಿತ್ತು, ಮುಖ ಕಲ್ಲಿನ ಹಾಗಿತ್ತು. ತೆರೆಯ ಮೇಲೆ ಕೆಂಪು ಅಕ್ಷರ ಬಂದವು. ಏನು ಬರೆದಿದೆ ಅಂತ ಕೇಳಿದೆ.

"ವಾಪಸ್ ಹೋಗು ಅಂತ ಬರ್ದೈತೆ ಕಣತ್ತೆ. ನಿನ್ ದಾರಿ ಇದಲ್ಲ ಅಂತೆ."

ಅವಳು ನಿಲ್ಲಿಸಲಿಲ್ಲ. ತೆರೆ ಒಂದು ಸಲ ಕಪ್ಪಾಯಿತು. ಬೆಳಕು ಬಂದಾಗ ಕತ್ತಿಯವನು ಮತ್ತೆ ಗೆರೆಯ ಮೇಲೆ, ಮುದುಕನ ಪಕ್ಕದಲ್ಲಿ ನಿಂತಿದ್ದ. ಸತ್ತಿರಲಿಲ್ಲ. ಎತ್ತಿ ತಂದು ಇಟ್ಟಿದ್ದರು.

"ಇದ್ರಲ್ಲಿ ಸಾಯಕ್ಕೂ ಬಿಡಲ್ಲ," ಅಂದಳು. ಟಿವಿ ಆರಿಸಿ, ವೈರು ಸುತ್ತಿ, ಪೆಟ್ಟಿಗೆಯನ್ನು ಅಲಮಾರಿಯ ಮೇಲೆ ಇಟ್ಟು ಮುದ್ದೆಗೆ ಎಸರಿಡಲು ಹೋದಳು.

ಊಟಕ್ಕೆ ಕೂತಾಗ ಮಗ, ಆಟ ಯಾಕೆ ಎತ್ತಿಟ್ಟೆ, ಮುಗೀತಾ ಅಂತ ಕೇಳಿದ. ಚೆನ್ನಾಗಿಲ್ಲ ಅಂದಳು ಅಷ್ಟೇ. ವ್ಯಾನು ಈಗಲೂ ಕೂಡುರಸ್ತೆಗೇ ಬರುತ್ತದಾ ಅಂತ ನಾನು ಕೇಳಿದೆ. ಬಂದರೆ ಬರುತ್ತದೆ, ನನಗೇನು ಅಂತ ಅವಳು ನನ್ನ ತಟ್ಟೆಗೆ ಸಾರು ಬಿಟ್ಟಳು.

ಮಾರನೇ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಕೋಲು ಹಿಡಿದು ಬಾಗಿಲಿಗೆ ಹೋದೆ. ಬೆಂಚು ದೂಕಲು ಆಗಲಿಲ್ಲ, ಹಳೇ ಹಲಸಿನ ಮರದ್ದು. ಅದರ ಮೇಲೇ ಕೂತೆ. ಕೆಟ್ಟ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಆಚೆ ಹಾಕಿದೆ. ಒಳ್ಳೇ ಕಾಲು ತಾನೇ ಬಂತು. ಎದ್ದು ನಿಂತಾಗ ಅಂಗಳದಲ್ಲಿದ್ದೆ.

ಕೊಟ್ಟಿಗೆಯ ಪಕ್ಕದ ರಾಶಿಯಿಂದ ಒಣ ಮಟ್ಟೆ, ಚಿಪ್ಪು ಮಡಿಲಿಗೆ ತುಂಬಿಕೊಂಡೆ. ಕೋಲು ಹಿಡಿದ ಕೈಗೆ ಬೇರೆ ಕೆಲಸ ಹೇಳುವ ಹಾಗಿರಲಿಲ್ಲ. ಬಚ್ಚಲ ಹತ್ತಿರ ಒಮ್ಮೆ ತಲೆ ತಿರುಗಿತು. ಗೋಡೆಗೆ ಒರಗಿ ನಿಂತೆ, ಹೋಯಿತು. ಹಂಡೆಗೆ ಬೆಂಕಿ ಹಾಕಿದೆ. ಹೊಗೆ ಕಂಡು ಮಗ ಎದ್ದು ಬಂದ. ಬೆಂಚು ಇದ್ದಲ್ಲೇ ಇತ್ತು, ನಾನು ಇದ್ದಲ್ಲಿ ಇರಲಿಲ್ಲ. ಬಾಯಿ ತೆರೆದ.

"ಬಿದ್ರೆ ಬೀಳ್ತೀನಿ," ಅಂದೆ. "ಬಿದ್ದಾಗ ಕೂಗ್ತೀನಿ, ಬಾ. ಅದನ್ನ ತಗಂಡೋಗಿ ಜಗುಲಿಗ್ ಹಾಕು."

ಅವನು ಅದರ ಮೇಲೇ ಕೂತುಕೊಂಡ. ಕೂತುಕೊಳ್ಳಲಿ ಅಂತ ಬಿಟ್ಟು, ನಾನು ಸೊಸೆ ಮಲಗುವ ಕೋಣೆಯ ಕಿಟಕಿಗೆ ಹೋಗಿ ಕೋಲಿನಲ್ಲಿ ಬಡಿದೆ.

"ಎದ್ದು ಬಾ," ಅಂದೆ. "ನೀರು ಕಾದೈತೆ. ವ್ಯಾನು ಬರೋ ಹೊತ್ತಾಯ್ತು."