ಬಲಕ್ಕೆ ಬಿದ್ದ ಹೂವು

ನಮ್ಮ ಗುಡ್ಡದ ಅಮ್ಮ ಆ ದಿನ ಹೂವು ಕೊಡಲೇ ಇಲ್ಲ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಇವತ್ತು ಹೊಸಪೇಟೆ ಮಾರುಕಟ್ಟೆಯಲ್ಲಿ ಒದ್ದೆ ಗೋಣಿಯ ಮೇಲಿದ್ದ ಕಣಗಿಲೆಯ ವಾಸನೆ ಬಡಿದು ಎಲ್ಲ ಕಣ್ಣ ಮುಂದೆ ಬಂತು.

ಹಂಪಿ ನೋಡಲು ಲೋಕದ ಜನ ಬರುತ್ತಾರೆ. ಸಂಡೂರಿನ ಗುಡ್ಡದಲ್ಲಿದ್ದ ನಮ್ಮ ಅಮ್ಮನ ಕಲ್ಲನ್ನು ಹುಡುಕಿಕೊಂಡು ಬಂದವರು ಗಣಿಯವರು ಮಾತ್ರ. ಗುಡ್ಡ ಅಗೆಯಬೇಕು, ಅದನ್ನು ಕೆಳಗಿಳಿಸಿ ಎಂದರು. ಪೂಜೆ ನನ್ನ ಅಜ್ಜಿಯದು. ಕಲ್ಲಿನ ಎರಡೂ ಪಕ್ಕ ಒದ್ದೆ ಕಣಗಿಲೆ ಹೂವು ಅಂಟಿಸಿ ಅಪ್ಪಣೆ ಕೇಳಿದಳು. ಬಲಗಡೆಯದು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ.

ಬಿಸಿಲೇರಿದರೂ ಯಾವ ಹೂವೂ ಅಲುಗಲಿಲ್ಲ. ಆಚೆ ಯಂತ್ರ ಗುರುಗುಟ್ಟುತ್ತಿತ್ತು.

“ಏನಬೇ ಯವ್ವಾ, ನಿಮ್ಮಮ್ಮ ನಿದ್ದಿ ಮಾಡ್ಯಾಳೇನು?” ಎಂದು ಸೋದರಮಾವ ಕೆಣಕಿದ.

“ಸುಮ್ನ ಕುಂದ್ರಲೇ.”

ಅಜ್ಜಿ ದೀಪ ಸರಿಮಾಡುವ ನೆಪದಲ್ಲಿ ಬಾಗಿದಳು. ಅವಳ ಸೆರಗು ಬಲಗಡೆಯ ಹೂವನ್ನು ಸವರಿತು. ಅದು ಬಿತ್ತು.

ಗುಡ್ಡ ಇಳಿಯುವಾಗ ಯಾಕೆ ಹಾಗೆ ಮಾಡಿದೆ ಎಂದು ಅಜ್ಜಿಯನ್ನು ಕೇಳಿದೆ. “ಇಲ್ಲಾಂದ್ರ ಆಕಿನ್ನ ಒಡದ ಹಾಕ್ತಿದ್ರವ್ವಾ. ಆದ್ರ ಆಕಿ ನನ್ನ ಬಿಡಾಂಗಿಲ್ಲ,” ಎಂದಳು. ಆಮೇಲೆ ಕೆಳಗೆ ಅಮ್ಮನಿಗೆ ಕಟ್ಟಿದ ಗುಡಿಗೆ ಅಜ್ಜಿ ಸಾಯುವವರೆಗೂ ಒಮ್ಮೆಯೂ ಬೆನ್ನು ಮಾಡಿ ಕೂರಲಿಲ್ಲ, ಅಷ್ಟು ಹೆದರಿದ್ದಳು.

ಈಗ ಗಣಿಯ ಕೆಂಪು ಧೂಳು ಆ ಗುಡಿಗೂ ಬಂದಿದೆ. ಅಮ್ಮನನ್ನು ಮತ್ತೆ ಎತ್ತಿ ಬೇರೆ ಕಡೆ ಇಡಬೇಕಂತೆ. ಶಾಲೆ ಬಿಟ್ಟು ಖಾಲಿ ಇದ್ದಾಳೆ, ಮೊಮ್ಮಗಳೂ ಹೌದು ಎಂದು, ನಾಡಿದ್ದು ಹೂವು ಕೇಳಲು ಊರವರು ನನ್ನನ್ನೇ ಗೊತ್ತು ಮಾಡಿದ್ದಾರೆ.

“ನಿಮ್ಮಜ್ಜಿಗೆ ಬಲಕ್ಕ ಬಿತ್ತು. ನಿನಗೂ ಬೀಳತೈತಿ ಬಿಡು,” ಎಂದು ಮಾವ ನಕ್ಕ. ಆ ನಗು ನೋಡಿದರೆ, ಅವತ್ತು ಅಜ್ಜಿಯ ಸೆರಗು ಸವರಿದ್ದನ್ನು ಅವನೂ ಕಂಡಿದ್ದಾನೆ ಅನಿಸಿತು.

ಹಾಗೆ ಹೂವು ಬೀಳಿಸುವುದು ನನ್ನ ಕೈಯಿಂದ ಆಗುವುದಿಲ್ಲ. ನಾಳೆ ಬೆಳಿಗ್ಗೆ ಕಂಪ್ಲಿ ಬಸ್ಸಿಗೆ ಊರು ಬಿಡುತ್ತಿದ್ದೇನೆ.