ನಲ್ಲಿ ಮೇಸ್ತ್ರಿಯ ಎಂಜಿನ್ ಆಯಿಲ್

ಬೀದಿಯ ಅಷ್ಟೂ ಮನೆಗಳ ಸೋರುವ ನಲ್ಲಿಗಳಿಗೆ ಬುದ್ಧಿ ಕಲಿಸಿದ ನಲ್ಲಿ ಮೇಸ್ತ್ರಿ ಅವತ್ತು ಬೆಳಿಗ್ಗೆ ತನ್ನದೇ ಕಾರಿನಡಿ ಅಂಗಾತ ಮಲಗಿ, ಕೆನ್ನೆಯ ಮೇಲೆ ತೊಟ್ಟಿಕ್ಕುವ ಆಯಿಲ್ ಒರೆಸಿಕೊಳ್ಳುತ್ತ ಹಲ್ಲು ಕಡಿಯುತ್ತಿದ್ದ. ಮಧ್ಯಾಹ್ನ ಮಗಳಿಗೆ ಡ್ರೈವಿಂಗ್ ಪರೀಕ್ಷೆ. ಪಾಸಾದರೆ ರೋಗಿಗಳ ಮನೆಮನೆಗೆ ಹೋಗುವ ನರ್ಸ್ ಕೆಲಸ ಅವಳದು. ಈ ವಾರ ಲೈಸೆನ್ಸ್ ತೋರಿಸದಿದ್ದರೆ ಅದು ಬೇರೆಯವರ ಪಾಲು. ಪರೀಕ್ಷೆಗೆ ಕಾರನ್ನು ತಾವೇ ತರಬೇಕು. ಮನೆಯಲ್ಲಿದ್ದದ್ದು ಇದೊಂದೇ.

"ಅಪ್ಪ, ಇವತ್ತೊಂದಿನ ಅದನ್ನ ಮುಟ್ಟಬೇಡ" ಎಂದು ಅವಳು ತಿಂಡಿ ತಿನ್ನುವಾಗಲೇ ಹೇಳಿದ್ದಳು. ಹೇಳಿದರೆ ಕೇಳುವ ಜೀವವೇ ಅದು? ಹೊಸ ಆಯಿಲ್ ಹಾಕಿದರೆ ಎಂಜಿನ್ ಹಗುರಾಗುತ್ತದೆ, ಮಗಳಿಗೇ ಒಳ್ಳೆಯದು ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡ. ಅವಳು ಸ್ನಾನಕ್ಕೆ ಹೋದದ್ದೇ ತಡ, ಕಾರನ್ನು ಜ್ಯಾಕಿನಿಂದ ಎತ್ತಿ, ಅಡಿಗೆ ದಪ್ಪ ದಿಮ್ಮಿ ಕೊಟ್ಟು, ಹಳೆಯ ಟಬ್ಬಿಟ್ಟು ಆಯಿಲ್ ಇಳಿಸುವ ತಳದ ಬೋಲ್ಟು ಬಿಚ್ಚಿದ.

ಕಪ್ಪು ಆಯಿಲ್ ಇಳಿಯಿತು, ಫಿಲ್ಟರ್ ಬದಲಾಯಿತು. ಅಲ್ಲಿಯವರೆಗೆ ಎಲ್ಲ ಸರಿ. ಎಡವಟ್ಟಾದದ್ದು ಬೋಲ್ಟು ವಾಪಸ್ ಹಾಕುವಾಗ. ಪೈಪಿನ ಕೆಲಸದವನ ಕೈ ಸುಮ್ಮನಿರುತ್ತದೆಯೇ? ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಬೋಲ್ಟಿಗೂ ದಪ್ಪಕ್ಕೆ ಸುತ್ತಿದ. ಬಿಗಿ ಮಾಡಿದ. ಸಾಕಾಗಿತ್ತು. ಆದರೆ ಸೋರಿಬಿಟ್ಟರೆ? ಇನ್ನೊಂದು ಸುತ್ತು ಇರಲಿ ಎಂದು ಸ್ಪ್ಯಾನರಿನ ತುದಿಗೆ ಪೈಪಿನ ತುಂಡು ಸಿಕ್ಕಿಸಿ ಜೋರಾಗಿ ಎಳೆದ. ಕಬ್ಬಿಣದ ಪೈಪಾದರೆ ತಡೆದುಕೊಳ್ಳುತ್ತಿತ್ತು. ಎಂಜಿನ್ನಿನ ತಳ ಮೆತ್ತನೆಯ ಅಲ್ಯೂಮಿನಿಯಂ. ಕರಕ್ ಎಂದಿತು. ಬೋಲ್ಟು ಹಿಡಿತವಿಲ್ಲದೆ ಗಿರಗಿರನೆ ತಿರುಗಿತು. ಬೋಲ್ಟು ಕಚ್ಚಿಕೊಳ್ಳುವ ಒಳಗಿನ ಥ್ರೆಡ್ ಕಿತ್ತುಹೋಗಿತ್ತು. ಟೇಪು ತಡೆದೀತು ಎಂಬ ಹುಚ್ಚು ಧೈರ್ಯದಲ್ಲಿ ಹೊಸ ಆಯಿಲ್ ಸುರಿದು ಮತ್ತೆ ಕೆಳಗೆ ತೂರಿದರೆ, ಅದು ಬೋಲ್ಟಿನ ಸುತ್ತ ಜಿನುಗಿ ಮುಖದ ಮೇಲೇ ಬಿತ್ತು.

"ಥತ್, ದರಿದ್ರದ ಬೋಲ್ಟೇ!" ಎಂದು ಬೈದ. ಬೋಲ್ಟು ಮಾಡಿದವನನ್ನೂ ಕಾರು ಮಾರಿದವನನ್ನೂ ಬೈದ. ತನ್ನ ಹೆಸರೊಂದನ್ನು ಬಿಟ್ಟು ಎಲ್ಲರ ಜಾತಕ ಜಾಲಾಡಿದ.

ಹೆಂಡತಿ ಬಾಗಿಲಿಗೆ ಬಂದಳು. "ಎಲ್ಲರ ಮನೆ ನಲ್ಲಿ ನಿಲ್ಲಿಸ್ತೀರಿ, ಇದೊಂದು ನಿಲ್ಲಿಸೋಕಾಗ್ಲಿಲ್ವೇನ್ರೀ?"

"ನೀನೊಬ್ಬಳು ಬಾಕಿ ಇದ್ದೆ. ಬಾ, ಉರಿಯೋ ಬೆಂಕಿಗೆ ತುಪ್ಪ ಸುರಿ!"

ಅವಳ ಹಿಂದೆಯೇ ಮಗಳು, ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು. ನೆಲದ ಮೇಲೆ ಹರಡುತ್ತಿದ್ದ ಆಯಿಲ್ ನೋಡಿದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಮೇಸ್ತ್ರಿಯೂ ಕೂಗಾಡಬಹುದಿತ್ತು.

"ಹೋದ ಸಲ ಪರೀಕ್ಷೆ ದಿನ ಬ್ರೇಕ್ ಬಿಚ್ಚಿ ಕೂತೆ. ಇವತ್ತು ಆಯಿಲ್. ನಿಜ ಹೇಳಪ್ಪ, ನಾನು ಪಾಸಾಗೋದು ನಿನಗೆ ಬೇಡ್ವಾ?"

"ಏನು ಮಾತಾಡ್ತೀಯೇ! ನಿನಗೋಸ್ಕರ ತಾನೇ ನಾನು..."

ರಸ್ತೆ ತುಂಬ ಲಾರಿ, ನಡುವೆ ಇವಳೊಬ್ಬಳೇ ಎಂಬ ಯೋಚನೆ ಬಂದರೇ ಅವನ ಕೈ ಸ್ಪ್ಯಾನರ್ ಹುಡುಕುತ್ತಿತ್ತು. ಹರಕು ಬಟ್ಟೆಯಲ್ಲಿ ಕೈ ಒರೆಸುತ್ತ ನಿಂತ. ತನ್ನ ಮೇಲೆ ತನಗೇ ರೇಗಿಹೋಗಿತ್ತು.

ಮಗಳು ಉತ್ತರಕ್ಕೆ ಕಾಯಲಿಲ್ಲ. ಎದುರುಮನೆಯ ಟೀಚರಮ್ಮನನ್ನು ಕೇಳಿ ಅವರ ಕಾರಿನ ಕೀ ತಂದಳು. ಕಲಿಯುವವರ ಪಕ್ಕ ಲೈಸೆನ್ಸ್ ಇದ್ದವರೊಬ್ಬರು ಕೂರಬೇಕು, ಟೀಚರಮ್ಮನಿಗೆ ಬಿಡುವಿಲ್ಲ. ಉಳಿದವನು ಮೇಸ್ತ್ರಿಯೇ.

"ಬಾ. ಏನೂ ಮುಟ್ಟಬಾರದು" ಎಂದಳು ಮಧ್ಯಾಹ್ನ ಹೊರಡುವಾಗ.

"ತಾಳು, ಅದರ ಆಯಿಲ್ ಒಂದ್ಸಲ ನೋಡಿ..."

"ಅಪ್ಪಾ!"

ಹತ್ತಿ ಕೂತ. ಅವಳಿಗೆ ಕಲಿಸಿದ್ದು ಡ್ರೈವಿಂಗ್ ಸ್ಕೂಲಿನವರು. ಅವನು ಒಮ್ಮೆಯೂ ಅವಳ ಪಕ್ಕ ಕೂತವನಲ್ಲ. ಎಲ್ಲಾದರೂ ತಪ್ಪಲಿ, ಹೇಳಿಕೊಡೋಣ ಎಂದು ಎರಡೂ ಕೈಯನ್ನು ಮಂಡಿಯ ನಡುವೆ ಅದುಮಿಕೊಂಡು ಕಾದ. ತಿರುವಿನಲ್ಲಿ ಲಾರಿ ಎದುರಾಯಿತು. ಇವನ ಕಾಲು ತಾನಾಗಿಯೇ ಇಲ್ಲದ ಬ್ರೇಕನ್ನು ಒತ್ತಿತು. ಅವಳು ಆಗಲೇ ನಿಧಾನಿಸಿ ದಾರಿ ಬಿಟ್ಟಾಗಿತ್ತು. ಪರೀಕ್ಷೆಯ ಮೈದಾನದ ಗೇಟು ಬಂದೇಬಿಟ್ಟಿತು. ಹೇಳಿಕೊಡಲು ಹಾಳಾದ್ದು ಒಂದೂ ಸಿಗಲಿಲ್ಲ.

"ಇಳಿಯಪ್ಪ, ಆ ಸೀಟಿಗೆ ಪರೀಕ್ಷೆ ಮಾಡೋರು ಬರ್ತಾರೆ."

ಇಳಿದ. ಬಾಗಿಲು ಹಾಕಿದ. ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಇನ್ನೊಮ್ಮೆ ಎಳೆದು ನೋಡಲು ಕೈ ಚಾಚುವಷ್ಟರಲ್ಲಿ ಕಾರು ಮುಂದಕ್ಕೆ ಹೋಗಿಯಾಗಿತ್ತು.