ಖಾಲಿ ಡಬ್ಬಿಯಲ್ಲಿ ಬಿಟ್ಟುಬಂದ ಬೈರಾಸು

ಉಡುಪಿಯಿಂದ ಬಂದ ಪಾರ್ಸೆಲ್ ಬಿಚ್ಚಿದೆ. ಮಾವಿನಮಿಡಿಯ ಭರಣಿಗೆ ಸುತ್ತಿದ್ದದ್ದು ಕೆಂಪು ಚೌಕುಳಿಯ ಬೈರಾಸು. ಮೈ ಒರೆಸಲು, ತಲೆಗೆ ಸುತ್ತಲು, ಬಸ್ಸಿನ ಕಿಟಕಿಯಿಂದ ಎಸೆದು ಸೀಟು ಹಿಡಿಯಲು, ನಮ್ಮ ಕಡೆ ಎಲ್ಲಕ್ಕೂ ಅದೇ. ಇಂಗು, ಸಾಸಿವೆಯ ಘಾಟು ಹತ್ತಿದ್ದ ಅದನ್ನು ಮೂಗಿಗೆ ಹಿಡಿದು ನಿಂತೆ. ಅಡುಗೆಮನೆಯಿಂದ ಹೆಂಡತಿ ಶೈಲಾ ನಕ್ಕಳು. "ಆ ರೈಲು ನೆನಪಾಯ್ತಾ?"

ನೆನಪಾಗದೆ ಇರುತ್ತದೆಯೇ? ಮೊದಲ ಸಲ ಜರ್ಮನಿಗೆ ಬರುವ ಯಾರೇ ಸಿಕ್ಕಲಿ, ಕೇಳದಿದ್ದರೂ ಬುದ್ಧಿ ಹೇಳುವ ಚಾಳಿ ನನ್ನದು. ನಿಮಗೂ ಹೇಳಿಬಿಡುತ್ತೇನೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಬ್ರೆಡ್ಡು ಶನಿವಾರವೇ ತಂದಿಡಿ. ಹೋಟೆಲಿನಲ್ಲಿ ಬರೀ ನೀರು ಎಂದರೆ ಸೋಡಾ ಬರುತ್ತದೆ, 'ಗ್ಯಾಸಿಲ್ಲದ್ದು' ಎಂದು ಒತ್ತಿ ಹೇಳಿ. ಪ್ಲಾಟ್‌ಫಾರ್ಮಿನ ಪುಟ್ಟ ಪೆಟ್ಟಿಗೆಯಲ್ಲಿ ತೂರಿಸಿ ಮುದ್ರೆ ಒತ್ತಿಸದ ಟಿಕೆಟ್ ಟಿಕೆಟ್ಟೇ ಅಲ್ಲ. ಮತ್ತೆ, ಅಂಗಡಿಯಲ್ಲಿ ಚೌಕಾಶಿ ಮಾಡಬೇಡಿ. ಹ್ಯಾನೋವರಿಗೆ ಬಂದ ಮೊದಲ ವಾರ ನಾನು ಒಂದು ಬಕೆಟ್ಟಿಗೆ ಮಾಡಿದೆ. ಅಂಗಡಿಯ ಹುಡುಗಿ ಬಕೆಟ್ಟಿನ ಬೆಲೆಚೀಟಿಯನ್ನು ಕಿವುಡನಿಗೆ ಹೇಳುವಂತೆ ಗಟ್ಟಿಯಾಗಿ ಓದಿ ಹೇಳಿದಳು. ಅವತ್ತೇ ಕಲಿತೆ: ಇಲ್ಲಿ ಚೀಟಿ ಅಂಟಿಸದ ವಸ್ತುವಿಗೆ ಮಾತ್ರ ಚೌಕಾಶಿ ಮಾಡಬೇಕು.

ಅದು ಗ್ರೀನ್ ಕಾರ್ಡಿನ ಕಾಲ. ಕಂಪ್ಯೂಟರ್ ಬಲ್ಲವರು ಬನ್ನಿ ಎಂದು ಜರ್ಮನಿ ಕರೆದಿತ್ತು, ನಾನು ಬಂದಿದ್ದೆ. ಮದುವೆಯಾಗಿ ಹತ್ತು ತಿಂಗಳಿಗೆ ಶೈಲಾಳ ವೀಸಾ ಬಂತು. ಅವಳ ವಿಮಾನ ಇಳಿಯುವುದು ಫ್ರಾಂಕ್‌ಫರ್ಟಿನಲ್ಲಿ, ಶನಿವಾರ ಮಧ್ಯಾಹ್ನ. ಅವಳು ಅದುವರೆಗೆ ಒಬ್ಬಳೇ ಮಂಗಳೂರು ದಾಟಿದವಳಲ್ಲ. ಫೋನಿನಲ್ಲಿ ಹೇಳಿದ್ದಳು: "ಹೊರಗೆ ಬರುವಾಗ ನಿಮ್ಮ ಮುಖ ಕಾಣ್ಬೇಕು ಮಾರಾಯ್ರೆ. ಕಾಣದಿದ್ರೆ ನಾನು ಅಲ್ಲೇ ಕೂತು ಅಳ್ತೇನೆ." ಹಿಂದಿನಿಂದ ಮಾವನ ಧ್ವನಿ: "ನಿನ್ನನ್ನು ಕರ್ಕೊಳ್ಳಲಿಕ್ಕೂ ಅವ ಅಗ್ಗದ ಗಾಡಿ ಹುಡುಕ್ತಾನೆ, ನೋಡ್ತಾ ಇರು."

ಮಾವ ನನ್ನನ್ನು ಸರಿಯಾಗಿ ಓದಿದ್ದರು. ಆಗ ವಾರಾಂತ್ಯಕ್ಕೊಂದು ಟಿಕೆಟ್ ಇತ್ತು. ಒಂದೇ ಟಿಕೆಟ್, ಐದು ಜನ, ಇಡೀ ದಿನ, ಆದರೆ ನಿಧಾನದ ರೈಲುಗಳಲ್ಲಿ ಮಾತ್ರ. ಅದರ ಮೇಲೆ ಹೆಸರು ಬರೆಯುವ ಕಟ್ಟಳೆಯೂ ಇರಲಿಲ್ಲ. ಐದು ಜನರನ್ನು ಕೂಡಿಸುವುದರಲ್ಲಿ ನಾನು ಪಳಗಿದ್ದೆ. ಶನಿವಾರ ಬೆಳಿಗ್ಗೆ ನಾನು, ದಾವಣಗೆರೆಯ ವಿದ್ಯಾರ್ಥಿ ಮಂಜ, ಶೈಲಾಳ ಸೂಟ್‌ಕೇಸಿನ ಸಾಂಬಾರ್ ಪುಡಿಯ ಆಸೆಗೆ ಹೊರಟ ಅವನ ಇಬ್ಬರು ರೂಮ್‌ಮೇಟ್‌ಗಳು. ನಾಲ್ಕಾಯಿತು. ಐದನೆಯವಳಾಗಿ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕಿದ್ದು ಹಸಿರು ಟೊಪ್ಪಿಯ ಹೆಲ್ಗಾ ಎಂಬ ಅಜ್ಜಿ, ಅರ್ಧ ದಾರಿಯಲ್ಲಿ ಮಗಳ ಊರಿನಲ್ಲಿ ಇಳಿಯುವವಳು. ಅವಳು ಪರ್ಸು ತೆಗೆದಳು. ನಾನು ತಡೆದೆ.

"ನಿಮ್ಮ ಪಾಲು ಬೇಡ. ರೈಲಿನ ಸ್ಪೀಕರಿನಲ್ಲಿ ಏನು ಕೂಗಿದರೂ ಅದರ ಅರ್ಥ ನಮಗೆ ಹೇಳಬೇಕು. ಒಪ್ಪಿಗೆಯಾ?"

ಅವಳು ಕೈ ಕುಲುಕಿದಳು. ಮಂಜ ಗೊಣಗಿದ: "ಗುರು, ಅಜ್ಜಿ ಹತ್ರಾನೂ ವ್ಯವಹಾರಾನಾ?"

ಎರಡನೆಯ ರೈಲು ಬಂದಾಗ ಮುಂದಿನ ಡಬ್ಬಿಗಳಲ್ಲಿ ನೂಕುನುಗ್ಗಲು, ಹಿಂದಿನವು ಬಿಕೋ ಎನ್ನುತ್ತಿದ್ದವು. ಖಾಲಿ ಡಬ್ಬಿ ಕಂಡರೆ ನಮ್ಮ ರಕ್ತ ಸುಮ್ಮನಿರುತ್ತದೆಯೇ? ಓಡಿಹೋಗಿ ಬೈರಾಸು ಹಾಸಿ ಎಂಟು ಸೀಟು ಹಿಡಿದೆ. ಹೆಲ್ಗಾ ಮಾತ್ರ ಮುಂದಕ್ಕೆ ಕೈ ತೋರಿಸಿ ಏನೋ ಹೇಳಿ ಆ ಗುಂಪಿನಲ್ಲೇ ತೂರಿಕೊಂಡಳು. 'ನಮ್ಮ ಚಿತ್ರಾನ್ನದ ವಾಸನೆ ಆಗಲಿಲ್ಲವೇನೋ' ಎಂದು ಒಳಗೇ ಮುನಿಸಿಕೊಂಡೆ. ನಿಮ್ಮಾಣೆ, ಇಡೀ ಡಬ್ಬಿ ಗೆದ್ದ ಸಂಭ್ರಮದಲ್ಲಿ ಅವಳ ಮಾತಿಗೆ ಕಿವಿಗೊಡುವ ವ್ಯವಧಾನವೂ ನನಗಿರಲಿಲ್ಲ.

ಒಂದು ಗಂಟೆಯ ಮೇಲೆ ಯಾವುದೋ ಸಣ್ಣ ಸ್ಟೇಷನ್. ಸ್ಪೀಕರಿನಲ್ಲಿ ಉದ್ದದ ಕೂಗು. ನಾವು ಚಿತ್ರಾನ್ನದ ಮೇಲಿದ್ದೆವು. ಆಗ ಕಿಟಕಿಗೆ ಟಕಟಕ ಛತ್ರಿಯ ಏಟು. ಹೊರಗೆ ಹೆಲ್ಗಾ, ಟೊಪ್ಪಿ ಓರೆಯಾಗಿ, ಏದುಸಿರು ಬಿಡುತ್ತ: "ಫೋರ್ನೆ! ಫೋರ್ನೆ!" ಮುಂದೆ, ಮುಂದೆ ಎಂದು. ಎರಡು ಅಂಗೈ ಜೋಡಿಸಿ ಫಟ್ಟನೆ ಬೇರೆ ಮಾಡಿ ತೋರಿಸಿದಳು.

ರೈಲು ಅಲ್ಲಿ ಎರಡಾಗುತ್ತಿತ್ತು! ಮುಂದಿನ ಅರ್ಧ ಫ್ರಾಂಕ್‌ಫರ್ಟ್ ದಾರಿಗೆ, ನಮ್ಮ ಖಾಲಿ ಅರ್ಧ ಇನ್ನೆತ್ತಲಿಗೋ. ಖಾಲಿ ಯಾಕಿತ್ತು ಎಂದು ಆಗ ತಲೆಗೆ ಹೋಯಿತು. ಮುಂದಿನ ರೈಲಿಗೆ ಎರಡು ಗಂಟೆ. ಅಷ್ಟರಲ್ಲಿ ಶೈಲಾ ಕೂತು ಅತ್ತು ಮುಗಿಸಿರುತ್ತಿದ್ದಳು.

"ಲೋ, ಬಾಕ್ಸ್ ಬಿಡ್ರೋ, ಓಡ್ರೋ!" ಎಂದು ಕೂಗಿದ ಮಂಜನೇ ಬಾಕ್ಸ್ ಅಪ್ಪಿಕೊಂಡು ಓಡಿದ. ಬಾಗಿಲು ಮುಚ್ಚುವಾಗ ನಾವು ಐವರೂ ಮುಂದಿನ ಡಬ್ಬಿಯಲ್ಲಿ ನಿಂತಿದ್ದೆವು. ಎಂಟು ಸೀಟು ಹಿಡಿದುಕೊಂಡ ನನ್ನ ಬೈರಾಸು ಮಹಾರಾಜನ ಹಾಗೆ ಒಂಟಿಯಾಗಿ ಬೇರೆ ಊರಿಗೆ ಹೋಯಿತು. ನಾನು ಹೆಲ್ಗಾಳಿಗೆ ಚಕ್ಕುಲಿ ಕೊಟ್ಟೆ. ಅವಳು ಕಟುಂ ಎಂದು ಕಡಿದಳು. "ಒಪ್ಪಂದ ಅಂದರೆ ಒಪ್ಪಂದ" ಎಂದಳು, ಇನ್ನೊಂದಕ್ಕೆ ಕೈ ಚಾಚಿದಳು.

ವಿಮಾನ ನಿಲ್ದಾಣದ ಗಾಜಿನ ಬಾಗಿಲು ತೆರೆದಾಗ ಎಲ್ಲರಿಗಿಂತ ಮುಂದೆ ಇದ್ದದ್ದು ನನ್ನ ಮುಖ. ಶೈಲಾ ನೋಡಿದಳು, ನಕ್ಕಳು, ಕಣ್ಣು ಒರೆಸಿಕೊಂಡಳು. "ಎಂತ ಇದು, ಗಡ್ಡದಲ್ಲಿ ಸಾಸಿವೆ?" ಹೋಗುವಾಗ ಐದು ಜನ, ಹೆಲ್ಗಾಳ ಜಾಗಕ್ಕೆ ನನ್ನ ಹೆಂಡತಿ, ಬರುವಾಗಲೂ ಐದು. ಅದೇ ಟಿಕೆಟ್! ಮಾವನಿಗೆ ಫೋನ್ ಮಾಡಿ ಇದನ್ನು ನಾನೇ ಹೇಳಿದೆ, ಬೈರಾಸಿನ ಸಂಗತಿಯೊಂದನ್ನು ಬಿಟ್ಟು.

ಹೊಸ ಬೈರಾಸನ್ನು ಹೆಗಲಚೀಲಕ್ಕೆ ಹಾಕಿಕೊಂಡು ಇವತ್ತು ಅದೇ ದಾರಿಯಲ್ಲಿ ಹೊರಟೆ, ಮೊದಲ ಸಲ ಬರುತ್ತಿರುವ ಭಾವಮೈದುನನನ್ನು ಎದುರುಗೊಳ್ಳಲು. ಎರಡನೆಯ ರೈಲು ಹತ್ತುವಾಗ ಕೊನೆಯ ಡಬ್ಬಿಯಿಂದ ಕನ್ನಡ ಕೇಳಿಸಿತು: "ಮಗಾ, ಪೂರ್ತಿ ಖಾಲಿ ಕಣೋ! ಬ್ಯಾಗ್ ಎಸಿ!" ಎದುರುಗೊಳ್ಳುವ ಅವಸರದಲ್ಲೂ ನನ್ನ ಕಾಲು ತಾನಾಗಿ ಹಿಂದಕ್ಕೆ ಓಡಿತು. ಕೈಯಲ್ಲಿದ್ದ ಛತ್ರಿಯಿಂದ ಕಿಟಕಿಗೆ ಟಕಟಕ ಬಡಿದೆ. "ಮುಂದೆ! ಮುಂದೆ ಬನ್ನಿ! ಇದು ಬೇರೆ ಊರಿಗೆ ಹೋಗ್ತದೆ!"

ಮೂವರು ಹುಡುಗರು ದಡಬಡ ಇಳಿದು ನನ್ನ ಹಿಂದೆ ಓಡಿಬಂದರು. ರೈಲು ಹೊರಟ ಮೇಲೆ ಒಬ್ಬ ಎದೆ ನೀವಿಕೊಂಡ. "ಬಚಾವ್ ಮಾಡಿದ್ರಿ ಅಂಕಲ್! ಏನ್ ಕೊಡೋಣ ನಿಮಗೆ?"

ಚೀಟಿ ಅಂಟಿಸದ ವಸ್ತು. ಬಿಡುವುದುಂಟೇ? ಕೈ ಚಾಚಿದೆ.

"ಚಕ್ಕುಲಿ ಉಂಟಾ?"